ಸ್ಪ್ಯಾನಿಷ್ ಬಂದರೆ ಪೋರ್ಚುಗೀಸ್ ಸುಲಭವಂತೆ!

ಹೀಗೆ ಹೇಳಿದವರೆಲ್ಲ ಪೋರ್ಚುಗೀಸನ್ನು ಓದಿದವರು. ಕಿವಿಗೊಟ್ಟು ಕೇಳಿದವರಲ್ಲ.

ಸ್ಪೇನಿನ ಸಲಮಾಂಕಾದಲ್ಲಿ ಎರಡು ವರ್ಷ ಇದ್ದು ಸ್ಪ್ಯಾನಿಷ್ ಕಲಿತಿದ್ದೆ. ಅದೇ ಧೈರ್ಯದಲ್ಲಿ 2019ರ ಜುಲೈನಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾಕ್ಕೆ ಹೋದೆ, ಬೇಸಿಗೆ ತರಗತಿಗೆ. ರೈಲಿನಲ್ಲಿ ಪೇಪರ್ ಓದಿದೆ, ಮುಕ್ಕಾಲು ಪಾಲು ಅರ್ಥ ಆಯಿತು. ಜಂಬದಿಂದ ಇಳಿದೆ. ನಾನು ಉಳಿಯಬೇಕಿದ್ದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಒಂದಕ್ಷರ ತಲೆಗೆ ಹೋಗಲಿಲ್ಲ! ಪೋರ್ಚುಗಲ್ಲಿನವರು ಸ್ವರಗಳನ್ನು ನುಂಗುತ್ತಾರೆ. ಸ್ಪ್ಯಾನಿಷಿನಲ್ಲಿ ತೆ-ಲೆ-ಫೋ-ನೋ ಅಂತ ಬೆರಳೆಣಿಸಿಕೊಂಡು ಹೇಳಬಹುದು. ಇಲ್ಲಿ 'ತ್ಲ್‌ಫೋನ್' ಅಂದರೆ ಮುಗಿಯಿತು.

ಅದಕ್ಕಿಂತ ದೊಡ್ಡ ಸಂಕಟ, ನನ್ನ ಸ್ಪ್ಯಾನಿಷ್ ಅವರಿಗೆ ಅರ್ಥ ಆಗುತ್ತಿತ್ತು. ಹಾಗಾಗಿ ಯಾರೂ ತಿದ್ದುತ್ತಿರಲಿಲ್ಲ. ಸ್ಪ್ಯಾನಿಷ್ ಪದಕ್ಕೆ ಪೋರ್ಚುಗೀಸ್ ಬಾಲ ಅಂಟಿಸಿ ಎರಡು ವಾರ ಆರಾಮಾಗಿ ಬದುಕಿದೆ.

ನಮ್ಮ ತರಗತಿಯ ವಿಶ್ವವಿದ್ಯಾಲಯ ಇರುವುದು ಗುಡ್ಡದ ತುದಿಯಲ್ಲಿ, 1537ರಿಂದ ಅಲ್ಲೇ. ಹತ್ತುವ ಮೆಟ್ಟಿಲ ದಾರಿಯ ಹೆಸರು ಕೆಬ್ರಾ ಕೋಸ್ತಶ್, ಅಂದರೆ ಬೆನ್ನು ಮುರಿಯುವುದು. ಸುಮ್ನೆ ಇಟ್ಟ ಹೆಸರಲ್ಲ.

ಬುದ್ಧಿ ಬಂದದ್ದು ಒಂದು ಶುಕ್ರವಾರ. 'ಕಿಂತಾ' ದಿನ ಎಲ್ಲರೂ ಕೊನಿಂಬ್ರಿಗಾಕ್ಕೆ ಹೋಗುವುದು, ರೋಮನ್ನರ ಊರಿನ ಅವಶೇಷ ನೋಡಲು ಅಂತ ತರಗತಿಯಲ್ಲಿ ಹೇಳಿದ್ದರು. ಸ್ಪ್ಯಾನಿಷಿನಲ್ಲಿ ವಾರಗಳಿಗೆ ಲೂನೆಸ್, ಮಾರ್ತೆಸ್ ಅಂತ ಹೆಸರಿದೆ. ಪೋರ್ಚುಗೀಸರು ಸೋಮವಾರದಿಂದ ಶುಕ್ರವಾರದವರೆಗೆ ಎರಡನೆಯದು, ಮೂರನೆಯದು ಅಂತ ಎಣಿಸುತ್ತಾರೆ. ಕಿಂತಾ ಅಂದರೆ ಐದನೆಯದು. ಸಲಮಾಂಕಾದ ಕ್ಯಾಲೆಂಡರ್ ಸೋಮವಾರದಿಂದ ಶುರು, ಹಾಗಾಗಿ ಐದನೆಯದು ಶುಕ್ರವಾರ ಅಂದುಕೊಂಡೆ. ಟೋಪಿ, ನೀರಿನ ಬಾಟಲಿ ಹಿಡಿದು ಶುಕ್ರವಾರ ಬೆಳಿಗ್ಗೆ ಒಬ್ಬಳೇ ನಿಂತಿದ್ದೆ! ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಹಾಗೆ ಭಾನು, ಸೋಮ, ಮಂಗಳ ಅಂತ ಎಣಿಸಿದ್ದರೆ ಐದನೆಯದು ಗುರುವಾರವೇ ಅಲ್ವಾ?

ಆಮೇಲೆ ಸ್ಪ್ಯಾನಿಷನ್ನು ಪಕ್ಕಕ್ಕಿಟ್ಟು ಅಜ್ಜಿಯ ಅಡುಗೆಮನೆಯಲ್ಲಿ ಜಾಸ್ತಿ ಹೊತ್ತು ಕೂತೆ. ನಾನು ಮಂಗಳೂರು ಕಡೆಯವಳು, ನಮ್ಮ ಮಾತಿನಲ್ಲಿ ಪೋರ್ಚುಗೀಸ್ ಪದಗಳು ಇನ್ನೂ ಉಳಿದಿವೆ. ಅಜ್ಜಿ ಸುಲಿಯುತ್ತಿದ್ದದ್ದು ನಮ್ಮ ಬಟಾಟೆ. ನೆಲ ಒರೆಸಲು ತಂದದ್ದು ನಮ್ಮ ಬಾಲ್ದಿ. ಭಾನುವಾರ ಹೋಗುತ್ತಿದ್ದದ್ದು ನಮ್ಮ ಪಕ್ಕದ ಮನೆಯ ಕೊಂಕಣಿಯವರು ಹೇಳುವ ಇಗರ್ಜಿಗೆ. ಸ್ಪ್ಯಾನಿಷಿನಲ್ಲಿ ಅನಾನಾಸಿಗೆ ಪೀನ್ಯಾ ಅಂತ ಕಷ್ಟಪಟ್ಟು ಕಲಿತಿದ್ದೆ, ಇಲ್ಲಿ ಅನಾನಾಶ್!

ಬೀಗದ ಕೈಗೆ ಅವರು 'ಶಾವ್' ಅನ್ನುತ್ತಾರೆ. ಒಂದು ಸಂಜೆ ನನ್ನ ಬಾಯಿಂದ ಮನೆಯ ಮಾತೇ ಬಂತು: "ಚಾವಿ ಎಲ್ಲಿ?" ತಿದ್ದುತ್ತಾರೆ ಅಂತ ಕಾದೆ. ಅಜ್ಜಿ ಕೈಲಿದ್ದ ಚಾಕು ಕೆಳಗಿಟ್ಟರು. ಅವರ ಅಮ್ಮ ಉತ್ತರದ ಗುಡ್ಡಗಾಡಿನ ತ್ರಾಜ಼್-ಉಶ್-ಮೊಂತ್ಶ್ ಕಡೆಯವರಂತೆ. ಅಲ್ಲಿ ಹಳೆಯ ಕಾಲದ 'ಚ' ಇನ್ನೂ ಉಳಿದಿದೆ.

"ಅಮ್ಮನೂ ಹೀಗೇ ಚಾವ್ ಅಂತಿದ್ದಳು" ಅಂದರು. "ಇನ್ನೊಂದ್ಸಲ ಹೇಳು."