ಮಿಲ್ ಗೇಟಿನ ಎದುರಿನ ಬೀದಿ

ಬೆಂಗಳೂರಿನ ಹಳೇ ಮಿಲ್ಲುಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಕಟ್ಟಡದ ಬಗ್ಗೆಯೇ ಬರೆಯುತ್ತಾರೆ. ಎತ್ತರದ ಚಿಮಣಿ, ಇಟ್ಟಿಗೆ ಗೋಡೆ, ಕಬ್ಬಿಣದ ಗೇಟು. ಫೋಟೋಗಳೂ ಅವುಗಳದ್ದೇ. ನಾನು ಹುಡುಕುತ್ತಿರುವುದು ಆ ಗೇಟಿನ ಎದುರಿಗಿದ್ದ ಬೀದಿಯನ್ನು. ಅದರ ಒಂದು ಫೋಟೋ ಕೂಡ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ನಾನು ಈಗ ಇರುವುದು ಕೊಡಗಿನ ಶನಿವಾರಸಂತೆ ಹತ್ತಿರ, ಅಪ್ಪನ ಊರಿನಲ್ಲಿ. ಕಾಫಿ, ಮೆಣಸು, ಸ್ವಲ್ಪ ಗದ್ದೆ. ಆದರೆ ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನ ಮಾಗಡಿ ರೋಡಿನ ಕಡೆ, ಮಿಲ್ಲುಗಳ ಮಧ್ಯೆ. ಇದ್ದ ಜಮೀನು ಅಷ್ಟು ಜನ ಅಣ್ಣತಮ್ಮಂದಿರಿಗೆ ಸಾಲುವುದಿಲ್ಲ ಅಂತ ಎಪ್ಪತ್ತರ ದಶಕದಲ್ಲಿ ಅಪ್ಪ ಬಸ್ಸು ಹತ್ತಿದರು. ಊರಿನವರೊಬ್ಬರು ಮೊದಲೇ ಹೋಗಿದ್ದರು, ಅವರ ಮಾತಿನ ಮೇಲೆ ಅಲ್ಲಿನ ಒಂದು ಮಿಲ್ಲಿಗೆ ಬದಲಿ ಕೆಲಸಗಾರನಾಗಿ ಸೇರಿಕೊಂಡರು. ಬದಲಿ ಅಂದರೆ ದಿನಾ ಗೇಟಿಗೆ ಹೋಗಿ ನಿಲ್ಲಬೇಕು, ಯಾರಾದರೂ ಬಂದಿಲ್ಲದಿದ್ದರೆ ಮೇಸ್ತ್ರಿ ಒಳಗೆ ಕರೆಯುತ್ತಾನೆ, ಇಲ್ಲದಿದ್ದರೆ ವಾಪಸ್ಸು. ಕೊಡಗು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸೈನ್ಯ. ಅದು ಹೆಮ್ಮೆಯ ಮಾತೇ. ಆದರೆ ಇಲ್ಲಿಂದ ಮಿಲ್ಲಿಗೆ, ಎಚ್‌ಎಂಟಿಗೆ, ಎಚ್‌ಎಎಲ್‌ಗೆ ಅಂತ ಹೋದವರೂ ಇದ್ದಾರೆ. ಅವರ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ.

ಆ ಭಾಗದಲ್ಲಿ ದೊಡ್ಡ ಹೆಸರು ಬಿನ್ನಿ ಮಿಲ್ಲಿನದು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ 1884ರಲ್ಲಿ ಶುರುವಾಗಿ, ಆಮೇಲೆ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಎರಡೂ ಮಹಾಯುದ್ಧಗಳಲ್ಲಿ ಸೈನ್ಯಕ್ಕೆ ಖಾಕಿ, ಕಂಬಳಿ ಕೊಟ್ಟ ಮಿಲ್ಲು ಅದು. ನಮ್ಮ ಕಡೆ ಮಳೆಗಾಲ ಎಂಥದು ಅಂತ ನಿಮಗೆ ಗೊತ್ತಲ್ವಾ, ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಅಜ್ಜಿ ಹೊದೆಯುತ್ತಿದ್ದ ಬಿನ್ನಿ ರಗ್ಗು ಇನ್ನೂ ಪೆಟ್ಟಿಗೆಯಲ್ಲಿದೆ, ಅಂಚು ಸವೆದಿದೆ, ಹಾಗಿದ್ದರೂ ಅಷ್ಟೇ ಬೆಚ್ಚಗಿದೆ. ಮಲ್ಲೇಶ್ವರದ ಕಡೆ ರಾಜಾ ಮಿಲ್ ಇತ್ತು, ಗೋಪಾಲಪುರದ ಹತ್ತಿರ ಮಿನರ್ವ ಮಿಲ್. ಕಾನೂನು ಓದಿದವರಿಗೆಲ್ಲ ಮಿನರ್ವದ ಹೆಸರು ಗೊತ್ತಿರುತ್ತದೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಕೆಡಿಸುವ ಹಾಗಿಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಗಟ್ಟಿಯಾಗಿ ಹೇಳಿದ್ದು ಆ ಮಿಲ್ಲಿನ ಕೇಸಿನಲ್ಲಿ. ಆ ತೀರ್ಪಿನ ಬಗ್ಗೆ ಎಷ್ಟೋ ಪುಟ ಬರೆದಿದ್ದಾರೆ. ಆ ಮಿಲ್ಲಿನವರು ಎಲ್ಲಿ ಟೀ ಕುಡಿಯುತ್ತಿದ್ದರು ಅಂತ ಒಂದು ಸಾಲಾದರೂ ಎಲ್ಲಾದರೂ ಇದೆಯಾ?

ಕೊಡಗಿನವರಿಗೂ ಬೆಂಗಳೂರಿನ ಮಿಲ್ಲುಗಳಿಗೂ ಏನು ಸಂಬಂಧ ಅಂತ ಕೇಳುವವರಿಗೆ ನಾನು ನೀರಿನ ಕಥೆ ಹೇಳುತ್ತೇನೆ. ನಮ್ಮ ಪುಷ್ಪಗಿರಿ ಬೆಟ್ಟದ ಮಳೆ ಹಾರಂಗಿಗೆ ಇಳಿಯುತ್ತದೆ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹಾಕಿಕೊಂಡ ಯೋಜನೆಯಂತೆ 1902ರಲ್ಲಿ ಅಲ್ಲಿ ಕರೆಂಟು ತಯಾರಾಯಿತು, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, ಆಮೇಲೆ ಕಾರ್ಖಾನೆಗಳಿಗೂ. ಕೊಡಗಿನ ಮಳೆ ಅಲ್ಲಿ ಕರೆಂಟಾಯಿತು, ಕೊಡಗಿನ ಹುಡುಗರು ಅಲ್ಲಿ ಕೂಲಿಗೆ ಹೋದರು. ಇದಕ್ಕಿಂತ ಜಾಸ್ತಿ ಸಂಬಂಧ ಬೇಕಾ?

ಮಿಲ್ಲಿನ ಒಳಗೆ ನಾನು ಚಿಕ್ಕವನಿದ್ದಾಗ ಆಯುಧಪೂಜೆಗೆ ಹೋಗಿದ್ದೇನೆ, ಆವತ್ತು ಮನೆಯವರನ್ನೂ ಬಿಡುತ್ತಿದ್ದರು. ಮಾಡು ಗರಗಸದ ಹಲ್ಲಿನ ಹಾಗೆ ಏರಿಳಿದಿತ್ತು. ಆ ಹಲ್ಲುಗಳ ಒಂದು ಮುಖಕ್ಕೆ ಮಾತ್ರ ಗಾಜು, ಅದೂ ಉತ್ತರಕ್ಕೆ. ನೇರ ಬಿಸಿಲು ಬೀಳಬಾರದು, ಆದರೆ ದಿನವಿಡೀ ಒಂದೇ ಸಮ ಬೆಳಕಿರಬೇಕು, ಎಳೆ ತುಂಡಾದರೆ ತಕ್ಷಣ ಕಣ್ಣಿಗೆ ಕಾಣಬೇಕು ಅಂತ ಅಪ್ಪ ವಿವರಿಸಿದ್ದರು. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ, ಅದಕ್ಕೇ ಒಳಗೆಲ್ಲ ನೀರಿನ ತುಂತುರು ಬಿಡುತ್ತಿದ್ದರಂತೆ. ಪೂಜೆಯ ದಿನ ಮಾತ್ರ ಎಲ್ಲ ನಿಂತಿತ್ತು, ಲೂಮುಗಳಿಗೆ ಕುಂಕುಮ, ಚೆಂಡು ಹೂವಿನ ಹಾರ. ಬೇರೆ ದಿನ ಆ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಒಂದೊಂದು ಲೂಮಿನಲ್ಲೂ ಅಡ್ಡ ಎಳೆ ಒಯ್ಯುವ ಲಾಳಿ ನಿಮಿಷಕ್ಕೆ 150ಕ್ಕೂ ಹೆಚ್ಚು ಸಲ ಅತ್ತಿಂದಿತ್ತ ಹೊಡೆಯುತ್ತದೆ, ಅಂಥವು ಸಾಲುಸಾಲು. ಅಪ್ಪ ಈಗಲೂ ಜೋರಾಗಿಯೇ ಮಾತಾಡುತ್ತಾರೆ, ನಮ್ಮ ತುಟಿ ನೋಡಿಕೊಂಡೇ ಉತ್ತರ ಕೊಡುತ್ತಾರೆ.

ಅಂಥ ಒಂದು ಲಾಳಿ ಈಗ ನಮ್ಮ ಮನೆಯಲ್ಲಿದೆ. ಗಟ್ಟಿ ಮರ, ಎರಡೂ ತುದಿಗೆ ಲೋಹದ ಮೊನೆ. ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಕೂರಿಸುವ ಗೂಡು. ಪಕ್ಕದಲ್ಲಿ ಎಳೆ ಹೊರಗೆ ಬರುವ ಸಣ್ಣ ತೂತು, ಆ ತೂತಿಗೆ ಬಾಯಿ ಇಟ್ಟು ಎಳೆಯನ್ನು ಹೀರಿ ಹೊರಗೆ ತೆಗೆಯುತ್ತಿದ್ದೆವು ಅಂತ ಅಪ್ಪ ತೋರಿಸುತ್ತಾರೆ. ಹೀರಿದಾಗ ಎಳೆಯ ಜೊತೆ ಧೂಳೂ ಒಳಗೆ ಹೋಗುತ್ತಿತ್ತು. ಅರಳೆ ಧೂಳಿನಿಂದ ಬರುವ ಎದೆಯ ಕಾಯಿಲೆಗೆ ಡಾಕ್ಟರುಗಳು ಬಿಸಿನೋಸಿಸ್ ಅನ್ನುತ್ತಾರೆ. ವಾರದ ರಜೆ ಮುಗಿಸಿ ಮತ್ತೆ ಒಳಗೆ ಹೋದ ದಿನವೇ ಎದೆ ಹಿಡಿದುಕೊಳ್ಳುವುದು ಅದರ ಗುರುತು. ಅಪ್ಪನಿಗೂ ಹಾಗೇ ಆಗುತ್ತಿತ್ತು. ಅದು ಕಾಯಿಲೆ ಅಂತ ಆಗ ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಇನ್ನು ಬೀದಿ.

ಮಿಲ್ಲು ಕೂಗಿದರೆ ಬೀದಿ ಏಳುತ್ತಿತ್ತು. ಸೈರನ್ ಅಂತ ನಾವು ಯಾರೂ ಹೇಳುತ್ತಿರಲಿಲ್ಲ, ಮಿಲ್ಲು ಕೂಗಿತು ಅಂತಲೇ ಹೇಳುತ್ತಿದ್ದದ್ದು. ಮೊದಲ ಕೂಗಿಗೆ ಟೀ ಅಂಗಡಿಯ ಸ್ಟೌವ್ ಹೊತ್ತಿಕೊಂಡಿರಬೇಕು, ಯಾಕೆಂದರೆ ರಾತ್ರಿ ಪಾಳಿಯವರು ಹೊರಗೆ ಬರುವುದೂ ಬೆಳಗಿನ ಪಾಳಿಯವರು ಒಳಗೆ ಹೋಗುವುದೂ ಆ ಹತ್ತು ನಿಮಿಷದಲ್ಲೇ. ಒಳಗೆ ಹೋಗುವವರು ನಿಂತೇ ಕುಡಿಯುತ್ತಿದ್ದರು, ಹೊರಗೆ ಬಂದವರು ಬೆಂಚಿನ ಮೇಲೆ ಕೂರುತ್ತಿದ್ದರು, ತಲೆಗೂದಲಿನ ಮೇಲೆ, ಹುಬ್ಬಿನ ಮೇಲೆ ಬಿಳಿ ಅರಳೆ. ಪಕ್ಕದಲ್ಲಿ ಮುದ್ದೆ ಹೋಟೆಲ್. ಆಮೇಲೆ ಸೈಕಲ್ ಶಾಪು, ಅಲ್ಲಿ ಗಂಟೆ ಲೆಕ್ಕದಲ್ಲಿ ನಮಗೂ ಸಣ್ಣ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಕಟಿಂಗ್ ಶಾಪಿನಲ್ಲಿ ಯಾವಾಗಲೂ ಮೂರು ಭಾಷೆಯಲ್ಲಿ ಪೇಪರು ಇರುತ್ತಿತ್ತು, ಕನ್ನಡ, ತಮಿಳು, ಉರ್ದು. ತೆಲುಗಿನವರು ಕನ್ನಡದ್ದನ್ನೇ ಓದಿಸಿಕೊಳ್ಳುತ್ತಿದ್ದರು. ಸಂಜೆ ಅಲ್ಲೇ ಯೂನಿಯನ್ನಿನ ಮಾತು, ಬೋನಸ್ಸಿನ ಮಾತು. ಅದರ ಹಿಂದೆ ನಮ್ಮ ವಠಾರ. ಎದುರುಬದುರು ಒಂದೊಂದೇ ಕೋಣೆಯ ಮನೆ, ನಡುವೆ ಉದ್ದ ಓಣಿ, ಓಣಿಯ ತುದಿಗೆ ಎಲ್ಲರಿಗೂ ಒಂದೇ ನಲ್ಲಿ.

ಬಟವಾಡೆ ದಿನ ಬೀದಿಯ ಬಣ್ಣವೇ ಬೇರೆ. ಗೇಟಿನ ಒಂದು ಕಡೆ ಕಡಲೆಕಾಯಿ ಗಾಡಿ, ಬೊಂಬೆ ಮಾರುವವರು, ಪಂಚೆ ಟವಲು ಹೊತ್ತವರು. ಇನ್ನೊಂದು ಕಡೆ ಬಡ್ಡಿಯವರು, ಕೈಯಲ್ಲಿ ಸಣ್ಣ ಪುಸ್ತಕ. ಅಮ್ಮ ನನ್ನನ್ನು ಗೇಟಿಗೆ ಕಳಿಸುತ್ತಿದ್ದರು, "ಅಪ್ಪನ ಕೈ ಹಿಡ್ಕೊಂಡು ಸೀದಾ ಬಾ, ಎಲ್ಲೂ ನಿಲ್ಬೇಡ" ಅಂತ. ಮಗ ಕೈ ಹಿಡಿದಿದ್ದರೆ ಅಪ್ಪ ಸಾರಾಯಿ ಅಂಗಡಿ ಕಡೆ ತಿರುಗುವುದಿಲ್ಲ ಅನ್ನುವ ಲೆಕ್ಕ. ಆ ದಿನ ಗೇಟಿನಲ್ಲಿ ನನ್ನಂಥ ಮಕ್ಕಳು ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ದಾರಿಯಲ್ಲಿ ದಿನಸಿ ಅಂಗಡಿಗೆ ಹೋಗಿ ತಿಂಗಳ ಬಾಕಿ ಕಟ್ಟಿ, ಪುಸ್ತಕದಲ್ಲಿ ಗೀಟು ಹೊಡೆಸಿ, ಅಲ್ಲೇ ಹೊಸ ಸಾಲ ಶುರು.

ಮಿಲ್ಲು ಒಂದೇ ದಿನ ಮುಚ್ಚಲಿಲ್ಲ. ಪವರ್‌ಲೂಮಿನ ಅಗ್ಗದ ಬಟ್ಟೆ ಬಂತು, ಪಾಲಿಸ್ಟರ್ ಬಂತು, ಒಳಗಿನ ಯಂತ್ರಗಳು ಮುದಿಯಾಗಿದ್ದವು, ಹೊಸದಕ್ಕೆ ಯಾರೂ ದುಡ್ಡು ಹಾಕಲಿಲ್ಲ. ಊರಿನ ನಡುವಿನ ಆ ಜಾಗದ ಬೆಲೆ ಮಾತ್ರ ಏರುತ್ತಲೇ ಹೋಯಿತು. ರಾತ್ರಿ ಪಾಳಿ ನಿಂತಿತು. ಆಮೇಲೆ ಲೇಆಫ್. ಆಮೇಲೆ ಲಾಕೌಟ್. ಬರಬೇಕಾದ ಹಣಕ್ಕೆ ವರ್ಷಗಟ್ಟಲೆ ಅಲೆದಾಟ. ಇದೆಲ್ಲ ದಾಖಲೆಯಲ್ಲಿ ಸಿಗುತ್ತದೆ. ಬೀದಿ ಹೇಗೆ ಸತ್ತಿತು ಅನ್ನುವುದು ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಪಾಳಿ ನಿಂತ ತಕ್ಷಣ ಮೊದಲು ಹೋದದ್ದು ಬೆಳಗಿನ ಟೀ ಅಂಗಡಿ. ಆಮೇಲೆ ಮುದ್ದೆ ಹೋಟೆಲ್. ದಿನಸಿ ಅಂಗಡಿಯವರು ಬಹಳ ದಿನ ತಡೆದರು, ಬಾಕಿ ಬೆಳೆದು ಬೆಳೆದು ಕೊನೆಗೆ ಅವರೂ ಬಾಗಿಲು ಹಾಕಿದರು. ಗಿರವಿ ಅಂಗಡಿಗೆ ಮಾತ್ರ ಆಗ ಒಳ್ಳೇ ವ್ಯಾಪಾರ. ಅಮ್ಮನ ಓಲೆ ಅಲ್ಲಿಗೆ ಹೋದದ್ದು ಮತ್ತೆ ಬರಲಿಲ್ಲ. ಕಟ್ಟಡ ಒಡೆಯುವ ಹೊತ್ತಿಗೆ ಅದರ ಎದುರಿನ ಬೀದಿ ಎಷ್ಟೋ ವರ್ಷ ಹಿಂದೆಯೇ ಹೋಗಿತ್ತು.

ಈಗ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಇದೆ, 2010ರಿಂದ. ಪಕ್ಕದಲ್ಲೇ 2014ರಲ್ಲಿ ಮೆಟ್ರೋ ಸ್ಟೇಷನ್ ಬಂತು. ಬಿನ್ನಿ ಮಿಲ್ಲಿನ ಜಾಗದಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟು. ಮಿನರ್ವದ ಕೆಲವು ಹಳೇ ಶೆಡ್ಡುಗಳು ಉಳಿದಿವೆ, ಅಲ್ಲಿ ಕಾರ್ಯಕ್ರಮಗಳು ನಡೆಯುತ್ತವೆ. ಉಳಿದಿರುವುದು ಒಳ್ಳೆಯದೇ, ನನಗೆ ಅದರ ಬಗ್ಗೆ ತಕರಾರಿಲ್ಲ. ಜನ ಇರಲು ಮನೆ ಬೇಕು, ಓಡಾಡಲು ರೈಲು ಬೇಕು. ನನಗೆ ನೋವಾಗುವುದು, ಅಲ್ಲಿ ಯಾವ ಅಂಗಡಿ ಇತ್ತು, ಯಾವ ಓಣಿ ಎಲ್ಲಿಗೆ ಹೋಗುತ್ತಿತ್ತು ಅಂತ ಒಂದು ಪಟ್ಟಿಯನ್ನೂ ಮಾಡದೆ ಎಲ್ಲವನ್ನೂ ನೆಲಸಮ ಮಾಡಿದ್ದು.

2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಬೆಟ್ಟ ಕುಸಿಯಿತಲ್ಲ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ರಸ್ತೆಗಳೇ ಮಾಯವಾದವು. ಅದು ಕಣ್ಣೆದುರಿನ ಅನಾಹುತ. ಹೋದ ಮನೆಗಳ ಲೆಕ್ಕವನ್ನು ಸರ್ಕಾರ ಬರೆದುಕೊಂಡಿತು, ಇಲ್ಲಿ ಇಂಥವರ ಮನೆ ಇತ್ತು ಅಂತ ಊರಿನವರೇ ನಿಂತು ತೋರಿಸಿದರು. ಮಿಲ್ಲಿನ ಬೀದಿಗೆ ಹಾಗೆ ನಿಂತು ತೋರಿಸುವವರು ಇರಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಮೊದಲೇ ಖಾಲಿ ಮಾಡಿ, ಅವರವರ ಊರಿಗೆ ಹೋಗಿದ್ದರು, ನಮ್ಮ ಹಾಗೆ.

ಹಾಗಾಗಿ ಈ ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇದ್ದಾಗ ಅಪ್ಪನನ್ನು ಕೂರಿಸಿಕೊಂಡು ಆ ಬೀದಿಯ ನಕ್ಷೆ ಬರೆಯಲು ಶುರು ಮಾಡಿದ್ದೇನೆ. ಹಳೇ ಕ್ಯಾಲೆಂಡರುಗಳ ಹಿಂಭಾಗ ದೊಡ್ಡದಿರುತ್ತದೆ, ಅದಕ್ಕೆ ಅನುಕೂಲ. ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಕುಶಾಲನಗರದಲ್ಲಿದ್ದಾರೆ, ಅವರಿಗೆ ಫೋನ್ ಹಾಕಿ ಸ್ಪೀಕರ್ ಆನ್ ಮಾಡುತ್ತೇನೆ. ಅಪ್ಪ "ಹೋಟೆಲ್ ಆದ್ಮೇಲೆ ಸೈಕಲ್ ಶಾಪು" ಅಂದರೆ ಅವರು "ಇಲ್ಲ ಮಾರಾಯ, ನಡುವೆ ಸೋಡಾ ಅಂಗಡಿ ಇತ್ತು, ನಿಂಗೆ ಮರ್ತೋಗಿದೆ" ಅನ್ನುತ್ತಾರೆ. ಇಬ್ಬರೂ ಜೋರು ಗಂಟಲಿನವರು. ನಾನು ಪೆನ್ಸಿಲ್ಲಿನಲ್ಲಿ ಬರೆದು ಅಳಿಸುತ್ತೇನೆ.

ಅವರಿಬ್ಬರ ಬೀದಿ ಗೇಟಿನಿಂದ ಶುರುವಾಗಿ ವಠಾರದ ಬಾಗಿಲಿಗೆ ಮುಗಿಯುತ್ತಿತ್ತು. ಅಲ್ಲಿಂದಾಚೆಗೆ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಬಂದು ಕೂತ ಮೇಲೆ ನಕ್ಷೆ ಎರಡು ಕ್ಯಾಲೆಂಡರಿಗೆ ಬೆಳೆಯಿತು. ಹಿಟ್ಟಿನ ಗಿರಣಿ, ಸೀಮೆಎಣ್ಣೆ ಕ್ಯೂ ನಿಲ್ಲುತ್ತಿದ್ದ ಮೂಲೆ, ಸೂಲಗಿತ್ತಿ ಅಜ್ಜಿಯ ಮನೆ, ಹೆಂಗಸರು ಚೀಟಿ ಎತ್ತುತ್ತಿದ್ದ ಜಗಲಿ, ನಲ್ಲಿ ನಿಂತರೆ ನೀರಿಗೆ ಹೋಗುತ್ತಿದ್ದ ಇನ್ನೊಂದು ವಠಾರದ ಬಾವಿ. ಇದ್ಯಾವುದೂ ಅಪ್ಪನ ಲೆಕ್ಕದಲ್ಲಿ ಇರಲೇ ಇಲ್ಲ. ನಿಮ್ಮ ಮನೆಯಲ್ಲೂ ಮಿಲ್ಲಿಗೆ, ಫ್ಯಾಕ್ಟರಿಗೆ ಹೋಗಿ ಬಂದವರಿದ್ದರೆ ಹೀಗೇ ಕೂರಿಸಿ ಬರೆಸಿ. ಕೆಲಸಕ್ಕೆ ಹೋದವರನ್ನು ಕೇಳಿದ ಮೇಲೆ ಮನೆಯಲ್ಲಿದ್ದವರನ್ನೂ ಕೇಳಿ. ನಮ್ಮದರಲ್ಲಿ ಇನ್ನು ಬಾಕಿ ಇರುವುದು ಬೀದಿಯ ಎಡಗಡೆ, ಗಿರವಿ ಅಂಗಡಿಯಿಂದ ರೈಲ್ವೆ ಗೇಟಿನವರೆಗೆ. ಅಲ್ಲಿ ಒಂದು ಟೈಲರ್ ಅಂಗಡಿ ಇತ್ತು ಅಂತ ಅಮ್ಮ, ಇರಲಿಲ್ಲ ಅಂತ ಅಪ್ಪ.