ಬೆಳಿಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಸೊನ್ನೆ

"ಮಾತ್ರೆನೇ ಕೊಟ್ಬಿಡಿ ಡಾಕ್ಟ್ರೇ."

ಸೋಮವಾರ ಸಂಜೆ ನನ್ನ ಬಾಯಿಂದ ಬಂದ ಮಾತು ಇದು. ಇವತ್ತು ಶನಿವಾರ. ಇನ್ನೂ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. ಡಾಕ್ಟರು ಪ್ರಶ್ನೆ ಕೇಳಿ ಮುಗಿಸಿರಲೇ ಇಲ್ಲ. "ನೋಡಿ ಟೀಚರ್, ದಿನಾ ಅರ್ಧ ಗಂಟೆ ಜೋರಾಗಿ ನಡೀಬೇಕು. ಇಲ್ಲಾಂದ್ರೆ..." ಅಷ್ಟರಲ್ಲಿ ನನ್ನ ಉತ್ತರ ಮೇಜಿನ ಮೇಲೆ ಬಿದ್ದಿತ್ತು. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಮಕ್ಕಳನ್ನು ಇಪ್ಪತ್ತೆರಡು ವರ್ಷದಿಂದ ಗದರಿಸುತ್ತಾ ಬಂದವಳು ನಾನು.

ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 6.1 ಇತ್ತು. ಖಾಲಿ ಹೊಟ್ಟೆಯ ಶುಗರ್ 112. ಈ ಎಚ್‌ಬಿಎ1ಸಿ ಅನ್ನೋದು ರಕ್ತದಲ್ಲಿರೋ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ. ಹಿಂದಿನ ದಿನ ಉಪವಾಸ ಮಾಡಿ ಹೋದರೆ ಅದೇನೂ ಮೋಸ ಹೋಗುವುದಿಲ್ಲ. 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್, 6.5 ಆದರೆ ಸಕ್ಕರೆ ಕಾಯಿಲೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ "ಬಾರ್ಡರ್" ಅಂತ ಹೆಸರು. "ನಂದೂ ಬಾರ್ಡರ್ ಕಣ್ರೀ" ಅಂತ ಹೇಳಿಕೊಂಡು ಮೈಸೂರು ಪಾಕಿನ ಡಬ್ಬಿಗೆ ಕೈ ಹಾಕುವವರು ನಮ್ಮಲ್ಲೇ ಮೂರು ಜನ ಇದ್ದಾರೆ.

ನಮ್ಮಪ್ಪನಿಗೂ ಬಾರ್ಡರ್ರೇ ಇತ್ತು. "ಬಾರ್ಡರ್ ಅಷ್ಟೇ ಬಿಡು" ಅಂದುಕೊಂಡು ಒಬ್ಬಟ್ಟಿಗೆ ಹಾಲು, ತುಪ್ಪ ಎರಡನ್ನೂ ಹಾಕಿಸಿಕೊಂಡರು. ಐವತ್ತೆಂಟಕ್ಕೆ ಹೋದರು. ಹೋಗಿದ್ದು ಶುಗರಿನಿಂದ ಅಲ್ಲ, ಹಾರ್ಟಿನಿಂದ. ಇದನ್ನು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. "ಶುಗರ್ ಬಾರ್ಡರಲ್ಲಿದೆ ಅಂತ ಹಾರ್ಟೇನು ಗೇಟಲ್ಲಿ ಕಾಯ್ಕೊಂಡು ಕೂತಿರಲ್ಲ ಟೀಚರ್. ರಕ್ತನಾಳ ಹಾಳಾಗೋದು ಇಲ್ಲೇ ಶುರುವಾಗಿರುತ್ತೆ."

ಆಮೇಲೆ ಬಿಡಿಸಿ ಹೇಳಿದರು. ನಾನು ಕೇಳಿದ ಮಾತ್ರೆ, ಅಂದರೆ ಮೆಟ್‌ಫಾರ್ಮಿನ್, ಮುಖ್ಯವಾಗಿ ಲಿವರ್ ಸಕ್ಕರೆ ತಯಾರು ಮಾಡಿ ರಕ್ತಕ್ಕೆ ಬಿಡೋದನ್ನು ಕಡಿಮೆ ಮಾಡುತ್ತದೆ. ನಡೆಯುವಾಗ ಆಗೋದೇ ಬೇರೆ. ಕೆಲಸಕ್ಕೆ ಬಿದ್ದ ಕಾಲಿನ ಮಾಂಸಖಂಡ ಇನ್ಸುಲಿನ್ ಬರಲಿ ಅಂತ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಜೊತೆಗೆ ಬಿಪಿ ಇಳಿಯುತ್ತದೆ, ರಕ್ತನಾಳ ಮೆತ್ತಗಾಗುತ್ತದೆ. "ಕ್ಲಾಸಲ್ಲಿ ದಿನವಿಡೀ ನಿಂತೇ ಇರ್ತೀನಲ್ಲಾ" ಅಂದೆ. "ಅದು ನಿಲ್ಲೋದು" ಅಂದರು. ಮನೆಕೆಲಸ ಅಂದೆ. ಸುಮ್ನೆ ನಕ್ಕರು. ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅಷ್ಟು ಜೋರಾಗಿ ನಡೆದರೆ ಮಾತ್ರ ಲೆಕ್ಕವಂತೆ.

ಕೊನೆಗೆ ಚೀಟಿ ಬರೆದರು. ಮಾತ್ರೆಯ ಹೆಸರು ಬರೆಯುವ ಜಾಗದಲ್ಲಿ "ವಾಕಿಂಗ್, 30 ನಿಮಿಷ". ಪಕ್ಕದಲ್ಲಿ 1-0-0. ಕೆಳಗೆ "ಮೂರು ತಿಂಗಳು". ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದೆ, ಅದನ್ನೂ ಆಗಲೇ ನೋಡೋಣ, ಬೇಕಾದರೆ ಮಾತ್ರೆ ಶುರು ಮಾಡೋಣ ಅಂದರು.

ಮನೆಗೆ ಬಂದು ಚೀಟಿ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಮಾತ್ರೆ ಎಲ್ಲಮ್ಮಾ?" ಇಲ್ಲ ಅತ್ತೆ, ನಡೀಬೇಕಂತೆ. "ಇಷ್ಟಕ್ಕೆ ಫೀಸೆಷ್ಟು ತಗೊಂಡ್ಲು?" ಆರುನೂರು. "ನಡಿ ಅನ್ನೋಕೆ ಆರುನೂರಾ!"

ಅವರನ್ನು ಬೈಯಲಾರೆ. ನಾನೂ ಮಾತ್ರೆಯನ್ನೇ ಅಲ್ವಾ ಕೇಳಿದ್ದು? ಯಾಕೆ ಕೇಳಿದೆ ಅಂತ ರಾತ್ರಿ ಮಲಗಿ ಲೆಕ್ಕ ಹಾಕಿದೆ. ಗಣಿತದ ಟೀಚರಿಗೆ ಬೇರೇನು ಬರುತ್ತದೆ. ಐದಕ್ಕೆ ಏಳುತ್ತೇನೆ. ಅತ್ತೆಗೆ ಕಾಫಿ, ಮಗನ ಡಬ್ಬಿ, ಇವರ ಡಬ್ಬಿ, ನನ್ನ ಡಬ್ಬಿ. ಎಂಟಕ್ಕೆ ಬಸ್ಸು. ಸಂಜೆ ಬಂದರೆ ಮತ್ತೆ ಅಡುಗೆ, ಪೇಪರ್ ಕರೆಕ್ಷನ್. ಮಾತ್ರೆ ನುಂಗೋಕೆ ಒಂದು ಗುಟುಕು ನೀರು ಸಾಕು, ಅದನ್ನು ಯಾರ ಹತ್ತಿರವೂ ಕೇಳಿ ಪಡೆಯಬೇಕಾಗಿಲ್ಲ. ಅರ್ಧ ಗಂಟೆ ಹಾಗಲ್ಲ. ಅದನ್ನು ಮನೆಯವರೆಲ್ಲರಿಂದ ಐದೈದು ನಿಮಿಷ ಸಾಲ ತರಬೇಕು.

ಇನ್ನೊಂದು ವಿಷಯವೂ ಇದೆ. ಮಾತ್ರೆಗೆ ಮನೆಯಲ್ಲಿ ಮರ್ಯಾದೆ ಜಾಸ್ತಿ. ಅತ್ತೆಯ ಬಿಪಿ ಮಾತ್ರೆಯನ್ನು ನಮ್ಮ ಮನೆಯಲ್ಲಿ ದೇವರ ದೀಪದ ಹಾಗೆ ನೋಡಿಕೊಳ್ಳುತ್ತೇವೆ. "ಅಜ್ಜಿ, ಮಾತ್ರೆ ಆಯ್ತಾ?" ಅಂತ ಮಗ ದಿನಾ ಕೇಳುತ್ತಾನೆ. "ಅಮ್ಮಾ, ವಾಕಿಂಗ್ ಆಯ್ತಾ?" ಅಂತ ಯಾರ ಮನೆಯಲ್ಲಾದರೂ ಮಕ್ಕಳು ಕೇಳಿದ್ದು ನೋಡಿದ್ದೀರಾ? ನಡೆಯೋಕೆ ಹೊರಟರೆ ಅದು ಟೈಂಪಾಸು. ಬಿಡುವಾಗಿದ್ದಾಳೆ ಅಂತ ಅರ್ಥ.

ಎರಡೂ ಮಾಡಿದರೆ ಡಬಲ್ ಲಾಭ ಅಲ್ವಾ, ಮಾತ್ರೆಯನ್ನೂ ತಗೊಂಡು ಆದಾಗ ನಡೆದರಾಯಿತು ಅಂತ ನನ್ನ ತಲೆ ಇನ್ನೊಂದು ದಾರಿ ಹುಡುಕಿತು. ಮಂಗಳವಾರ ಬಿಡುವಿನ ಪೀರಿಯಡ್ಡಿನಲ್ಲಿ ಕೂತು ಓದಿದೆ. ಚೆನ್ನೈನಲ್ಲಿ 531 ಬಾರ್ಡರಿನವರ ಮೇಲೆ ಮಾಡಿದ ಅಧ್ಯಯನ, 2006ರಲ್ಲಿ ಪ್ರಕಟವಾಗಿದ್ದು. ಊಟ, ನಡಿಗೆ ಸರಿಮಾಡಿಕೊಂಡವರಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ. 28.5 ಇಳಿದಿತ್ತು. ಮೆಟ್‌ಫಾರ್ಮಿನ್ ತಗೊಂಡವರಿಗೆ ಶೇ. 26.4. ಎರಡನ್ನೂ ಮಾಡಿದವರಿಗೆ? ಕೂಡಿಸಲು ಪೆನ್ನು ಎತ್ತಿಕೊಂಡಿದ್ದೆ. ಶೇ. 28.2! ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಉತ್ತರ ಬರೆದಿದ್ದರೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಮೆಟ್‌ಫಾರ್ಮಿನ್ ವ್ಯಾಯಾಮದ ಲಾಭವನ್ನೇ ಒಂಚೂರು ಕುಗ್ಗಿಸುತ್ತದೆ ಅಂತ ಕಂಡ ಸಣ್ಣ ಅಧ್ಯಯನಗಳೂ ಇವೆ. 2002ರ ಅಮೆರಿಕದ ದೊಡ್ಡ ಅಧ್ಯಯನದಲ್ಲಂತೂ ವಾರಕ್ಕೆ 150 ನಿಮಿಷ ನಡೆದು ತೂಕ ಇಳಿಸಿದವರಿಗೆ ಶೇ. 58, ಮಾತ್ರೆಯವರಿಗೆ ಶೇ. 31.

ಇದನ್ನು ಓದಿ ಯಾರೂ ತಗೊಳ್ಳುತ್ತಿರುವ ಮಾತ್ರೆ ಬಿಡಬೇಡಿ ಮತ್ತೆ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಹಾಗೇ ಮಾಡಿದ್ದು. "ಬಿಪಿ ನಾರ್ಮಲ್ ಬಂತು, ಇನ್ಯಾಕೆ ಮಾತ್ರೆ" ಅಂತ ತಾವೇ ನಿಲ್ಲಿಸಿದರು. ಮಾತ್ರೆಯಿಂದಲೇ ನಾರ್ಮಲ್ ಬಂದಿದ್ದು ಅನ್ನೋದು ಕೆಮಿಸ್ಟ್ರಿ ಓದಿದವರಿಗೆ ಹೊಳೆಯಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಹಟ.

ನನಗೆ ಬೇಕಾಗಿದ್ದು ಹಾರ್ಟಿನ ಲೆಕ್ಕ. ಅಲ್ಲಿ ಉತ್ತರ ನೇರವಾಗಿಲ್ಲ. ಅಮೆರಿಕದ ಅದೇ ಜನರನ್ನು 21 ವರ್ಷ ನೋಡಿದರೂ ನಡಿಗೆಯಿಂದಾಗಲಿ ಮಾತ್ರೆಯಿಂದಾಗಲಿ ಹೃದಯಾಘಾತ, ಸ್ಟ್ರೋಕ್ ಕಡಿಮೆಯಾಗಿದ್ದು ಕಾಣಲಿಲ್ಲ. ಎಲ್ಲಾ ಗುಂಪಿನಲ್ಲೂ ಬಹಳ ಜನ ಕೊಲೆಸ್ಟ್ರಾಲ್, ಬಿಪಿ ಮಾತ್ರೆ ತಗೊಳ್ಳುತ್ತಿದ್ದರು, ವ್ಯತ್ಯಾಸ ಕಾಣದಿರಲು ಅದೂ ಒಂದು ಕಾರಣ ಇರಬಹುದಂತೆ. ಚೀನಾದ ಡಾಚಿಂಗ್ ಊರಿನಲ್ಲಿ 1986ರಲ್ಲಿ ಶುರುವಾದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಆರು ವರ್ಷ ಊಟ, ವ್ಯಾಯಾಮ ಸರಿಮಾಡಿಕೊಂಡವರಲ್ಲಿ 30 ವರ್ಷದ ಮೇಲೆ ನೋಡಿದರೆ ಹೃದಯ, ರಕ್ತನಾಳದ ತೊಂದರೆ ಶೇ. 26 ಕಡಿಮೆ. 30 ವರ್ಷ! 1986ರಲ್ಲಿ ನಮ್ಮಪ್ಪ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತಿದ್ದರು. ಸ್ಕೂಟರ್ ತಗೊಂಡಿದ್ದು ಆಮೇಲೆ. ಅದಕ್ಕೆ ಹೂವಿನ ಹಾರ ಹಾಕಿ ನಿಂಬೆಹಣ್ಣು ಹತ್ತಿಸಿದ್ದು, ಹಿಂದೆ ಕೂತು ನಾನು ಕುಣಿದಿದ್ದು ಎಲ್ಲಾ ನೆನಪಿದೆ. ಸೈಕಲ್ಲು ಏನಾಯಿತು ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬುಧವಾರ ರಾತ್ರಿ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಅತ್ತೆಯ ಮಾತ್ರೆ ಪಟ್ಟಿಯ ಪಕ್ಕದಲ್ಲೇ.

ಗುರುವಾರ ಹೋಗಲಿಲ್ಲ. ನಿನ್ನೆಯೂ ಇಲ್ಲ, ಯೂನಿಟ್ ಟೆಸ್ಟು. ಇವತ್ತು ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ. ಒಂದು ಗುಂಪು ದಾರಿ ತುಂಬಾ ಹರಡಿಕೊಂಡು ಸೈಟಿನ ರೇಟು ಮಾತಾಡುತ್ತಾ ನಡೆಯುತ್ತಿತ್ತು. ಆ ಸ್ಪೀಡಿನಲ್ಲಿ ಹಾಡೇನು, ಹರಿಕಥೆಯನ್ನೇ ಮಾಡಬಹುದು. ನಾನು ಅವರನ್ನು ಹಿಂದೆ ಹಾಕಿದೆ, ಸ್ವಲ್ಪ ಜಂಬ ಬಂತು. ಇನ್ನೊಂದಿಷ್ಟು ದೂರಕ್ಕೆ ಏದುಸಿರು ಬಂತು. ನಡುಗಡ್ಡೆಯ ಮರದ ಮೇಲೆ ಹೆಜ್ಜಾರ್ಲೆಗಳು ಸಂಸಾರದ ಯೋಚನೆ ಇಲ್ಲದವರ ಹಾಗೆ ಕೂತಿದ್ದವು.

ಆಗ ಫೋನು. ನಮ್ಮನೆಯವರು.

"ಎಲ್ಲಿದ್ದೀಯಾ? ಅಮ್ಮ ಕಾಫಿಗೆ ಕಾಯ್ತಾ ಇದ್ದಾರೆ."

"ಮಾತ್ರೆ ತಗೊಳ್ತಾ ಇದ್ದೀನಿ."

"ಯಾವ ಮಾತ್ರೆ?"

"ಫ್ರಿಜ್ ಮೇಲಿದೆಯಲ್ಲ, ಅದು. ಇನ್ನೂ ಅರ್ಧ ಉಳಿದಿದೆ. ಡಿಕಾಕ್ಷನ್ ಇಳಿದಿದೆ ನೋಡಿ, ಹಾಲು ಕಾಯಿಸಿಕೊಳ್ಳಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಪಾತ್ರೆ ಬಿದ್ದ ಸದ್ದು. ನಾನು ಫೋನ್ ಇಟ್ಟು ನಡೆದೆ.

ಮನೆಗೆ ಬಂದಾಗ ಅತ್ತೆ ಕಾಫಿ ಕುಡಿದಾಗಿತ್ತು. ಬರೀ ನೀರು ನೀರಾಗಿತ್ತಂತೆ.