ಸಾರಿಗೆ ಬೇಳೆ ಎಷ್ಟು ಹಾಕಿದ್ದೀರಿ?

"ನೀವು ಮಾಂಸ ತಿನ್ನಲ್ಲ, ಮೊಟ್ಟೆನೂ ಇಲ್ಲ. ಮತ್ತೆ ಪ್ರೋಟೀನ್ ಎಲ್ಲಿಂದ?" ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಕೇಳುತ್ತಾರೆ, ಬೆಳಿಗ್ಗೆ ವಾಕಿಂಗ್ ಹೋದಾಗ ಕೇಳುತ್ತಾರೆ, ಮದುವೆ ಮನೆಯಲ್ಲೂ ಕೇಳುತ್ತಾರೆ. ಮೊದಲೆಲ್ಲ ನಾನು "ದಿನಾ ಬೇಳೆ ಸಾರು ಮಾಡ್ತೀವಲ್ಲ" ಎಂದು ಹೇಳುತ್ತಿದ್ದೆ. ಆ ಉತ್ತರ ಸಾಲದು ಅಂತ ಗೊತ್ತಾದದ್ದು, ಒಂದು ದಿನ ಸಾರಿಗೆ ಹಾಕುವ ಬೇಳೆಯನ್ನು ತೂಗಿ ನೋಡಿದಾಗ.

ನಮ್ಮ ಮನೆಯಲ್ಲಿ ನಾಲ್ಕು ಜನ. ಇಡೀ ದಿನದ ಸಾರಿಗೆ ನಾನು ಹಾಕುತ್ತಿದ್ದದ್ದು 80 ಗ್ರಾಂ ತೊಗರಿಬೇಳೆ. ಒಬ್ಬರಿಗೆ 20 ಗ್ರಾಂ ಆಯಿತು. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಎರಡು ಹೊತ್ತು ಸಾರು ಸುರಿದುಕೊಂಡು ಉಂಡರೂ ಬೇಳೆಯಿಂದ ಸಿಗುತ್ತಿದ್ದದ್ದು ನಾಲ್ಕೂವರೆ ಗ್ರಾಂ ಅಷ್ಟೇ.

ಬೇಕಾದದ್ದು ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಕಾಳು, ಧಾನ್ಯದ ಪ್ರೋಟೀನ್ ಹಾಲು, ಮೊಟ್ಟೆಯದ್ದರಷ್ಟು ಪೂರ್ತಿ ಜೀರ್ಣವಾಗುವುದಿಲ್ಲ. ಹಾಗಾಗಿ ನಾನು ಕಿಲೋಗೆ 1 ಗ್ರಾಂ ಅಂತಲೇ ಇಟ್ಟುಕೊಂಡಿದ್ದೇನೆ. ನನ್ನ ತೂಕ 55 ಕಿಲೋ, ಬೇಕಾದದ್ದು 55 ಗ್ರಾಂ. ಅವತ್ತು ಇಡ್ಲಿ, ಅನ್ನ, ಸಾರು, ಮಜ್ಜಿಗೆ, ಎರಡು ಲೋಟ ಕಾಫಿ ಎಲ್ಲವನ್ನೂ ಕೂಡಿಸಿದೆ. 30 ಗ್ರಾಂ ದಾಟಲಿಲ್ಲ.

ಇದರಲ್ಲಿ ಮಾಂಸ ಇಲ್ಲದಿರುವುದರ ತಪ್ಪಿಲ್ಲ. ನಮ್ಮ ತಟ್ಟೆಯಲ್ಲಿ ಅನ್ನ ಬೆಟ್ಟದಷ್ಟು, ಬೇಳೆ ಬೊಗಸೆಯಷ್ಟೂ ಇಲ್ಲ. ಅದೇ ತೊಂದರೆ.

ನಮ್ಮ ಅಡುಗೆಯಲ್ಲಿ ಪ್ರೋಟೀನ್ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದನ್ನೂ ನೋಡಬೇಕು. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಆ ನೀರು ಸಾರಿಗೆ, ಕಾಳು ಪಲ್ಯಕ್ಕೆ. ಪ್ರೋಟೀನ್‌ನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಸಾರನ್ನು ಮೂರು ಸಲ ಹಾಕಿಸಿಕೊಂಡು ಪಲ್ಯವನ್ನು ಉಪ್ಪಿನಕಾಯಿಯ ಹಾಗೆ ನಂಚಿಕೊಂಡರೆ ಏನು ಬಂತು? ಹುರಳಿಕಟ್ಟಿನ ಸಾರೂ ಹಾಗೇ. ಕಟ್ಟು ನಾವು ಉಂಡು, ಬೆಂದ ಹುರಳಿಯನ್ನು ಎತ್ತುಗಳಿಗೆ ಹಾಕುತ್ತಿದ್ದ ಕಾಲವಿತ್ತು. ಎತ್ತುಗಳು ಗಟ್ಟಿಯಾಗಿಯೇ ಇದ್ದವು! ಈಗ ನಾನು ಆ ಕಾಳಿಗೆ ಒಗ್ಗರಣೆ ಕೊಟ್ಟು, ತೆಂಗಿನತುರಿ ಉದುರಿಸಿ ಉಸಲಿ ಮಾಡುತ್ತೇನೆ. ಹುರಳಿಯಲ್ಲೂ 100 ಗ್ರಾಂಗೆ ಹತ್ತಿರ ಹತ್ತಿರ 22 ಗ್ರಾಂ ಪ್ರೋಟೀನ್ ಇದೆ.

ಹಾಗಂತ ಅನ್ನ, ರೊಟ್ಟಿ, ಮುದ್ದೆಯನ್ನು ಲೆಕ್ಕದಿಂದ ಬಿಡಬೇಡಿ. ಅಕ್ಕಿ, ರಾಗಿ ಎರಡರಲ್ಲೂ 100 ಗ್ರಾಂಗೆ 7 ಗ್ರಾಂ ಆಸುಪಾಸು ಇರುತ್ತದೆ. ಪ್ರೋಟೀನ್ ಆಗಿರುವುದೇ ಅಮೈನೋ ಆಮ್ಲಗಳಿಂದ. ಧಾನ್ಯಗಳಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಅದು ಬೇಳೆಕಾಳಿನಲ್ಲಿ ಚೆನ್ನಾಗಿದೆ. ಬೇಳೆಕಾಳಿನಲ್ಲಿ ಮೆಥಿಯೋನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಕಡಿಮೆ, ಅದನ್ನು ಧಾನ್ಯ, ಎಳ್ಳು ತುಂಬಿಕೊಡುತ್ತವೆ. ಮುದ್ದೆಗೆ ಕಾಳಿನ ಸಾರು, ಜೋಳದ ರೊಟ್ಟಿಗೆ ಮಡಕೆಕಾಳಿನ ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ. ಹಿರಿಯರು ಕೂಡಿಸಿಟ್ಟ ಜೋಡಿಗಳು ಸರಿಯಾಗಿಯೇ ಇವೆ, ಅಳತೆ ಮಾತ್ರ ನಮ್ಮ ಕೈಯಲ್ಲಿ ತಪ್ಪಿದೆ. ಎರಡೂ ಒಂದೇ ಹೊತ್ತಿನಲ್ಲಿ ಹೊಟ್ಟೆಗೆ ಬೀಳಬೇಕು ಅಂತಿಲ್ಲ. ಒಂದೇ ದಿನದಲ್ಲಿ ಬಂದರೆ ಸಾಕು.

ಈಗ ನನ್ನ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ನೆನೆಸಿ ರುಬ್ಬಿದ ಹೆಸರುಕಾಳಿನ ದೋಸೆ. ಅದಕ್ಕೆ 50 ಗ್ರಾಂ ಕಾಳು ಹೋಗುತ್ತದೆ, ಸುಮಾರು 12 ಗ್ರಾಂ ಪ್ರೋಟೀನ್. ಮಧ್ಯಾಹ್ನ ಎರಡು ಚಪಾತಿ, ಸ್ವಲ್ಪ ಅನ್ನ, ಗಟ್ಟಿ ಸೊಪ್ಪಿನ ಹುಳಿ, ಒಂದು ಬಟ್ಟಲು ಮೊಸರು. ಹುಳಿಗೆ ತಲೆಗೆ 40 ಗ್ರಾಂ ಬೇಳೆ. ಈ ಊಟದಲ್ಲಿ 25 ಗ್ರಾಂ ಆಗಿಬಿಡುತ್ತದೆ. ಸಂಜೆ ಒಂದು ಹಿಡಿ ಹುರಿಗಡಲೆ ಅಥವಾ ಬೇಯಿಸಿದ ಕಡಲೆಕಾಯಿ, 6-7 ಗ್ರಾಂ. ರಾತ್ರಿ ಮುದ್ದೆ, ಮೊಳಕೆಕಾಳಿನ ಸಾರು, ಅಲ್ಲಿ 15 ಗ್ರಾಂ. ಮಲಗುವ ಮುಂಚೆ ಒಂದು ಲೋಟ ಹಾಲು. 60 ದಾಟುತ್ತದೆ. ಪ್ರೋಟೀನ್ ಪೌಡರ್ ಡಬ್ಬಿ ಮನೆಗೆ ತಂದಿಲ್ಲ. ಭಾರ ಎತ್ತುವವರಿಗೆ, ಓಟದವರಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಅವರು ಪನೀರ್, ಸೋಯಾ ಚಂಕ್ಸ್ ಸೇರಿಸಿಕೊಳ್ಳಬಹುದು. ಒಣ ಸೋಯಾ ಚಂಕ್ಸ್‌ನಲ್ಲಿ ಅರ್ಧಕ್ಕರ್ಧ ಪ್ರೋಟೀನೇ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು ವಾರಕ್ಕೆ ಎರಡು ಸಲ ಆಗಲೇಬೇಕು ನಮ್ಮಲ್ಲಿ. ಆದರೆ ಹಸಿ ಕಾಳಿನಲ್ಲಿ ನೀರಿನಂಶ ಜಾಸ್ತಿ. ಒಣ ಕಾಳಿನ ಲೆಕ್ಕ ಅದಕ್ಕೆ ಹಿಡಿಯಬೇಡಿ, ಧಾರಾಳವಾಗಿ ಹಾಕಿ.

ಪ್ರೋಟೀನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಜವಾಗಿ ಕೇಳಬೇಕಾದದ್ದು ಬಿ12 ವಿಟಮಿನ್ ಬಗ್ಗೆ. ಅದನ್ನು ಯಾರೂ ಕೇಳುವುದಿಲ್ಲ. ಇದು ಸೊಪ್ಪು, ತರಕಾರಿ, ಕಾಳುಗಳಲ್ಲಿ ಇರುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿ ಇದೆ ಅನ್ನುತ್ತಾರೆ, ಆದರೆ ಅದರಲ್ಲಿ ಇರುವುದು ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ನಮ್ಮಂಥವರಿಗೆ ಹಾಲು, ಮೊಸರೇ ದಾರಿ. ಕಾಫಿಗೆ ಹಾಕುವ ಎರಡು ಚಮಚ ಹಾಲು ಅದಕ್ಕೆ ಸಾಕಾಗುವುದಿಲ್ಲ. ನನಗೆ ಕೆಲವು ವರ್ಷಗಳ ಹಿಂದೆ ಪಾದ ಜುಮುಗುಟ್ಟುತ್ತಿತ್ತು, ಮೆಟ್ಟಿಲು ಹತ್ತಿದರೆ ಸುಸ್ತು. ವಯಸ್ಸಾಯ್ತು ಅಂತ ಸುಮ್ನೆ ಇದ್ದೆ. ರಕ್ತ ಪರೀಕ್ಷೆಯಲ್ಲಿ ಬಿ12 ತುಂಬ ಕಡಿಮೆ ಬಂತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಆಮೇಲೆ ಮಾತ್ರೆ. ಹಾಗೇ ಬಿಟ್ಟಿದ್ದರೆ ನರಗಳಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದಿತ್ತು. ದಯವಿಟ್ಟು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಹಾಲನ್ನೂ ಬಿಟ್ಟವರಿಗೆ, ಬಸುರಿಯರಿಗೆ ಇದು ಇನ್ನೂ ಮುಖ್ಯ. ಹಾಲೂ ಮುಟ್ಟದವರಿಗೆ ಮಾತ್ರೆ ಬೇಕೇ ಬೇಕು.

ಕಬ್ಬಿಣದಂಶದ ವಿಷಯದಲ್ಲಿ ನಾನು ಬದಲಿಸಿಕೊಂಡದ್ದು ಎರಡೇ. ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುತ್ತೇನೆ, ಊಟ ಆದ ಕೂಡಲೇ ಕುಡಿಯುತ್ತಿದ್ದ ಕಾಫಿಯನ್ನು ಒಂದು ಗಂಟೆ ಮುಂದೆ ಹಾಕಿದ್ದೇನೆ. ನಿಂಬೆಯ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಕಾಫಿ, ಟೀ ಅದನ್ನು ತಡೆಯುತ್ತವೆ. ಕ್ಯಾಲ್ಸಿಯಂ ಚಿಂತೆ ಮುದ್ದೆ ಉಣ್ಣುವವರಿಗೆ ಅಷ್ಟಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಇದೆ.

ನನಗೆ ಹೆಚ್ಚು ಕಳವಳ ಇರುವುದು ಮನೆಯ ಹಿರಿಯರ ಬಗ್ಗೆ. ನಮ್ಮ ಅತ್ತೆಗೆ 76. ಹಲ್ಲಿಲ್ಲ, ಹಸಿವು ಕಡಿಮೆ, ರಾತ್ರಿಗೆ ಎರಡು ತುತ್ತು ಮಜ್ಜಿಗೆ ಅನ್ನ ಸಾಕು ಅನ್ನುತ್ತಿದ್ದರು. ವಯಸ್ಸಾದಂತೆ ಮಾಂಸಖಂಡ ಕರಗುತ್ತಾ ಹೋಗುತ್ತದೆ, ಪ್ರೋಟೀನ್ ಬೇಕಾಗುವುದೇ ಆಗ. ಒಂದು ಸಲ ಬಚ್ಚಲಲ್ಲಿ ಕೂತವರು ಎದ್ದೇಳಲು ಆಗದೆ ನನ್ನನ್ನು ಕೂಗಿದರು. ಆವತ್ತಿನಿಂದ ರಾತ್ರಿಗೆ ಹೆಸರುಬೇಳೆ ಹುಗ್ಗಿ ಮಾಡಲು ಶುರು ಮಾಡಿದೆ, ಅಕ್ಕಿ ಎಷ್ಟೋ ಬೇಳೆಯೂ ಅಷ್ಟೇ. ಮೊದಲ ವಾರ "ಹೊಟ್ಟೆ ಭಾರ ಕಣಮ್ಮ" ಅಂದರು. ಬೇಳೆ ಹುರಿದು, ನೀರು ಜಾಸ್ತಿ ಹಾಕಿ ಬೇಯಿಸಿ, ಶುಂಠಿ, ಜೀರಿಗೆ, ಮೆಣಸು ಕುಟ್ಟಿ ಹಾಕಿದೆ. ಈಗ ಸಂಜೆ ಆರಕ್ಕೇ ಅಡುಗೆಮನೆ ಬಾಗಿಲಿಗೆ ಬಂದು, "ಹುಗ್ಗಿಗೆ ಬೇಳೆ ಹುರಿದೆಯಾ?" ಅಂತ ಕೇಳುತ್ತಾರೆ.